ಆಟಿಯ ಎಲೆಯಲ್ಲಿ ಉಂಡವರು

ಮೊನ್ನೆ ಕುದ್ರೋಳಿಯಿಂದ ಬಂದ ನನ್ನ ತಮ್ಮನ ಮಗ ಚಪ್ಪಲಿ ಕಳಚುವ ಮೊದಲೇ, "ಅತ್ತೆ, ಅವರು ತೀರಿಹೋದ್ರು" ಅಂದ. ಯಾರು ಅಂತ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೆಸರಿಲ್ಲದೆ ಬರೀ "ಅವರು" ಅಂದರೆ ಒಬ್ಬರೇ. "ಈ ಸಲ ನಿಜವಾಗಿ ಹೋದದ್ದಾ?" ಅಂತ ಕೇಳಿದೆ. ಹುಡುಗ ನಗಲಿಲ್ಲ. "ಹೌದತ್ತೆ. ಈ ಸಲ ಹೆಣ ಉಂಟು, ನಾನೇ ನೋಡಿ ಬಂದೆ" ಅಂದ. ಒಳಗೆ ಹೋಗಿ ಅವನಿಗೆ ಕಾಫಿ ಮಾಡಿದೆ. ಬೆಲ್ಲ ಹಾಕಿದೆನೋ ಇಲ್ಲವೋ ನೆನಪಿಲ್ಲ, ಅವನು ಹಾಗೇ ಕುಡಿದ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಹೇಳಿ ಒಮ್ಮೆ ಎಳ್ಳುನೀರು ಬಿಟ್ಟಾಗಿತ್ತು, ಈಗ ಇನ್ನೊಮ್ಮೆ ಬಿಡ್ತಾರೆ. ಒಂದು ಹೆಸರಿಗೆ ಅಷ್ಟು ಸಾಕು. ನಾವು ಆಡಿದ್ದೆಲ್ಲ ತುಳುವಿನಲ್ಲಿ. ನಾನು ಬರೆಯುತ್ತಿರುವುದು ಮಿಶನ್ ಶಾಲೆಯಲ್ಲಿ ಕಲಿತ ಕನ್ನಡ. ಹೆಚ್ಚುಕಮ್ಮಿ ಆದರೆ ಸುಧಾರಿಸಿಕೊಳ್ಳಿ. ಮತ್ತೆ ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ, ಆಮೇಲೆ ಮುಚ್ಚಿಟ್ಟೆ ಅಂತ ಆಗಬಾರದು. ನನಗೂ ಅವರಿಗೂ ಮದುವೆಯ ಮಾತಾಗಿತ್ತು. ಹೇಳಲಿಕ್ಕೆ ಎಂತ ನಾಚಿಕೆ, ಈಗ ಬಾಯಲ್ಲಿ ಹಲ್ಲೇ ಇಲ್ಲ.

ಅಮ್ಮನ ಅಣ್ಣ, ನಮ್ಮ ಮಾವ, ಕುದ್ರೋಳಿಯ ಹೊಳೆಬದಿಯಲ್ಲಿ ಮರದ ವ್ಯಾಪಾರ ಮಾಡುತ್ತಿದ್ದರು. ಹಂಚಿನ ಕಾರ್ಖಾನೆಗಳಿಗೆ ಸೌದೆ, ದೋಣಿ ಕಟ್ಟುವವರಿಗೆ ಮರ, ಚಪ್ಪರದವರಿಗೆ ಬಿದಿರು. ಎಲ್ಲ ಘಟ್ಟದ ಬುಡದಲ್ಲಿ ಕಡಿದದ್ದು, ಮಳೆ ಇಳಿದ ಮೇಲೆ ಗುರುಪುರ ಹೊಳೆಯಲ್ಲಿ ತೇಲಿಕೊಂಡು ಬರಬೇಕು. ಬಿದಿರಿನ ತೆಪ್ಪಗಳ ಮುಂದೆ, ಒಂದೇ ಮರ ಕೊರೆದು ಮಾಡಿದ ಸಣ್ಣ ಪಾತಿಯಲ್ಲಿ ಕೂತು ದಾರಿ ತೋರಿಸುವವರು ನಾನು ಹೇಳುತ್ತಿರುವ ಇವರು. ಕೆಳಗಿನ ಹೊಳೆ ಯಾರಿಗಾದರೂ ಆಗುತ್ತದೆ. ಮೇಲೆ, ವೇಣೂರಿನಿಂದಲೂ ಮೇಲೆ, ಹೊಳೆ ಎರಡು ಬಂಡೆಗೋಡೆಗಳ ನಡುವೆ ನುಗ್ಗುವ ಜಾಗ ಉಂಟು. ಕೊರಕಲು ಅಂತೇವೆ. ಅಲ್ಲಿ ನೀರೆಲ್ಲ ನೊರೆ. ಅದರಲ್ಲಿ ಪಾತಿ ಇಳಿಸುವವರು ನಮ್ಮ ಕಡೆ ಇವರೊಬ್ಬರೇ ಇದ್ದದ್ದು.

ಉದ್ದ ಆಳು, ಒಣಕಲು. ತಲೆಕೂದಲು ಯಾವಾಗ ನೋಡಿದರೂ ಈಗಷ್ಟೇ ಮಿಂದು ಬಂದ ಹಾಗೆ. ನಡೆದರೆ ಸದ್ದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಆಳುಗಳು ಅವರ ಮುಖ ನೋಡುವ ಬದಲು ಪಾದ ನೋಡುತ್ತಿದ್ದರು, ಹಿಂದುಮುಂದು ಉಂಟೋ ಅಂತ. ಅದು ಅವರಿಗೆ ಗೊತ್ತಿತ್ತು. ಕಾಲನ್ನು ಒಂದು ದಿಮ್ಮಿಯ ಮೇಲಿಟ್ಟು, "ಸರಿಯಾಗಿ ನೋಡಿಕೊಳ್ಳಿ, ಮುಂದಕ್ಕೇ ಉಂಟು. ಆಯ್ತಲ್ಲ? ಇನ್ನು ಮರ ಎತ್ತಿ" ಅನ್ನುತ್ತಿದ್ದರು. ಮಾವ ಬೇಗ ಬೇಗ ಅಂತ ಗದರಿದರೆ, "ಸತ್ತವನಿಗೆ ಎಂತ ಅವಸರ ಧಣಿ" ಅಂತ ಉತ್ತರ. ಹೇಳುವಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ, ಮಾವನಿಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಅವರು ಸತ್ತದ್ದು ಹೀಗೆ. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಒಂದು ವರ್ಷ ಕೊರಕಲಿನಲ್ಲಿ ತೆಪ್ಪ ಒಡೆಯಿತು. ಜೊತೆಯ ಇಬ್ಬರ ಹೆಣ ಕೆಳಗೆ ಮರಳಿನಲ್ಲಿ ಸಿಕ್ಕಿತು, ಇವರದ್ದು ಸಿಗಲಿಲ್ಲ. ಹುಡುಕುವಷ್ಟು ಹುಡುಕಿ, ಹುಲ್ಲಿನ ಬೊಂಬೆ ಮಾಡಿ ಸುಟ್ಟು, ಉತ್ತರಕ್ರಿಯೆ ಮುಗಿಸಿದರು. ಆಮೇಲೆ ಅವರ ಮನೆಯಲ್ಲಿ ಒಂದರ ಮೇಲೊಂದು ತೊಂದರೆ. ಕರೆಯುವ ದನದ ಹಾಲು ಬತ್ತಿತು. ತಂಗಿಗೆ ಫಿಟ್ಸ್ ಶುರುವಾಯಿತು. ಪ್ರಶ್ನೆ ಇಡಿಸಿದಾಗ ಜೋಯಿಸರು ಹೇಳಿದರಂತೆ, ಮದುವೆಯಾಗದೆ ಹೋದ ಹುಡುಗ ಹೊಸ್ತಿಲಲ್ಲೇ ನಿಂತಿದ್ದಾನೆ, ಅವನಿಗೊಂದು ಹೆಣ್ಣು ತನ್ನಿ ಅಂತ.

ಬೇರೆ ಊರಿನವರಿಗೆ ಇದು ವಿಚಿತ್ರ ಕಾಣಬಹುದು. ನಮ್ಮಲ್ಲಿ ಹೊಸತಲ್ಲ. ಸತ್ತವರನ್ನು ನಾವು ಕುಲೆ ಅಂತೇವೆ. ಮದುವೆಯಾಗದ ಕುಲೆಗೆ ಇನ್ನೊಂದು ಮನೆಯ ಸತ್ತ ಹುಡುಗಿಯನ್ನು ಹುಡುಕಿ, ಜಾತಿ, ಬಳಿ ಅಂದರೆ ಕುಲಗೋತ್ರ ಎಲ್ಲ ನೋಡಿ ಮದುವೆ ಮಾಡ್ತಾರೆ. ಸೀರೆ, ಬಳೆ, ಕರಿಮಣಿ, ಊಟ ಎಲ್ಲ ಇರುತ್ತದೆ, ಮದುಮಕ್ಕಳು ಮಾತ್ರ ಕಾಣುವುದಿಲ್ಲ. ಹುಡುಗಿ ಸಣ್ಣದರಲ್ಲೇ ಸತ್ತಿದ್ದರೂ ಅಡ್ಡಿಯಿಲ್ಲ, ಅಲ್ಲಿಯೂ ಮಕ್ಕಳು ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ ಅಂತ ಲೆಕ್ಕ. ಇವರಿಗೆ ಸಿಕ್ಕಿದ್ದು ಕೊರಕಲಿನ ಮೇಲಿನ ಊರಿನ ಒಂದು ಹುಡುಗಿ. ಹೇಗೆ ತೀರಿದ್ದು ಅಂತ ಯಾರೂ ಕೇಳಲಿಲ್ಲ. ಬಳಿ ಬೇರೆ ಇದ್ದರೆ ಸಾಕು, ಮದುವೆ ಆಯಿತು. ತಂಗಿಯ ಫಿಟ್ಸೂ ನಿಂತಿತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

ಆ ಮದುವೆ ಕಳೆದು ಬಂದ ಆಟಿಯಲ್ಲಿ, ಅಂದರೆ ಜಡಿಮಳೆಯ ತಿಂಗಳಿನಲ್ಲಿ, ಸತ್ತವರಿಗೆ ಬಡಿಸುವ ದಿನ ಬಂತು. ಒಳಕೋಣೆಯಲ್ಲಿ ಬಾಳೆಲೆ ಹಾಕಿ ಕೋಳಿ, ರೊಟ್ಟಿ, ಪತ್ರೊಡೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂತು ಕಾಯಬೇಕು. ಸತ್ತವರು ಉಂಡ ಮೇಲೆ ನಮ್ಮ ಊಟ. ಅಂದು ಜೊತೆಯಲ್ಲಿ ಎರಡು ಎಲೆ, ಇವರಿಗೊಂದು, ಹೊಸ ಹೆಂಡತಿಗೊಂದು. ಸ್ವಲ್ಪ ಹೊತ್ತು ಬಿಟ್ಟು ಅವರ ಅಮ್ಮ ಬಾಗಿಲು ತೆರೆದರು. ಇವರು ಒಳಗೆ ಕೂತು ಉಣ್ಣುತ್ತಿದ್ದರು. ಮೈಯೆಲ್ಲ ಒದ್ದೆ, ಗಡ್ಡ ಬೆಳೆದಿತ್ತು. ಅಮ್ಮ ಬಾಗಿಲನ್ನು ಮೆಲ್ಲನೆ ಮುಚ್ಚಿ ಹೊರಗಿದ್ದವರಿಗೆ, "ಇನ್ನೂ ಮುಗಿದಿಲ್ಲ" ಅಂದರು.

ಆಗಿದ್ದು ಇಷ್ಟೇ. ತೆಪ್ಪ ಒಡೆದಾಗ ಇವರು ಆಚೆ ದಡ ಹತ್ತಿದ್ದರು. ಇಬ್ಬರು ಹೋದದ್ದನ್ನು ಕಣ್ಣಾರೆ ಕಂಡಿದ್ದರು. ಅವರ ಅಮ್ಮಂದಿರ ಎದುರು ಹೋಗಿ ನಿಲ್ಲುವುದು ಹೇಗೆ ಅಂತ ತಿಳಿಯದೆ ಘಟ್ಟ ಹತ್ತಿ ಕಾಫಿ ತೋಟದಲ್ಲಿ ಕೂಲಿಗೆ ನಿಂತರು. ವರ್ಷ ಕಳೆದ ಮೇಲೆ ಮನೆ ನೆನಪಾಗಿ ಮಳೆಯಲ್ಲಿ ನಡೆದು ಬಂದರು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಾಗ ಮನೆಯಲ್ಲಿ ಜನ ಇಲ್ಲ, ಎಲೆಯಲ್ಲಿ ಅನ್ನ ಉಂಟು. "ಹಸಿವಾಗಿತ್ತು" ಅಂತ ನನ್ನ ಹತ್ತಿರವೇ ಒಮ್ಮೆ ಹೇಳಿದ್ದರು. "ಒಂದು ಎಲೆ ಸಾಕಾಗಲಿಲ್ಲ, ಇನ್ನೊಂದರದ್ದೂ ತಿಂದೆ." ಊರಿನವರಿಗೆ ಮತ್ತೆಂತ ಬೇಕು? ಕುಲೆಯ ಊಟ ಉಂಡವನು ಆಚೆಯವನು, ಹೆಂಡತಿಯ ಎಲೆಯಿಂದ ತಿಂದವನು ಗಂಡನಲ್ಲದೆ ಮತ್ಯಾರು? ಹೀಗೆ ಕುದ್ರೋಳಿಯಲ್ಲಿ ತೀರ್ಮಾನವಾಯಿತು.

ಅದಕ್ಕಿಂತ ಹೆಚ್ಚಿನದ್ದು ಮುಂದಿನ ಆಟಿಯಲ್ಲಿ. ಇವರಿಗೆ ಎಲೆ ಹಾಕಬೇಕೋ ಬಾರದೋ ಅಂತ ಚರ್ಚೆ. ಇವರದ್ದು ಬಿಟ್ಟರೆ ಸೊಸೆಯದ್ದೂ ಬಿಡಬೇಕು, ಆಕೆ ಮುನಿದರೆ ಯಾರು ಸಂಭಾಳಿಸುವುದು? ಕೊನೆಗೆ ಅವರ ಅಮ್ಮ ಎರಡೂ ಎಲೆ ಹಾಕಿ ಬಾಗಿಲು ಮುಚ್ಚಿದರು. ಇವರು ಎಲ್ಲರೊಟ್ಟಿಗೆ ಜಗಲಿಯಲ್ಲಿ ಕೂತು, ತಾನು ಉಂಡು ಏಳುವುದನ್ನು ತಾನೇ ಕಾಯುತ್ತಿದ್ದರು. ಆಮೇಲೆ ವರ್ಷವರ್ಷವೂ ಹಾಗೇ ನಡೆಯಿತು. ಹೊಟ್ಟೆ ತುಂಬಿತಾ ಅಂತ ಪಕ್ಕದವರು ತಮಾಷೆ ಮಾಡಿದರೆ, "ಉಪ್ಪು ಸ್ವಲ್ಪ ಹೆಚ್ಚಾಗಿತ್ತು" ಅನ್ನುತ್ತಿದ್ದರು.

ಇನ್ನೊಂದು ಮಾತನ್ನು ತೆಪ್ಪದವರು ತಮಾಷೆಗಲ್ಲದೆ ಹೇಳುತ್ತಿದ್ದರು. ಇವರ ಪಾತಿ ಮೇಲೆ ಹೋಗುವಾಗ ಹಗುರ, ಬರುವಾಗ ಭಾರ. ಪಾತಿಯ ಹಿಂತುದಿಯಲ್ಲಿ ಕೂತು ಹುಟ್ಟು ಹಾಕುವವರು ಇವರೊಬ್ಬರೇ, ನಡು ಯಾವಾಗಲೂ ಖಾಲಿ. ಅಲ್ಲಿ ಒಂದು ಬುತ್ತಿಗಂಟು ಕೂಡ ಇಡಲಿಕ್ಕೆ ಬಿಡುತ್ತಿರಲಿಲ್ಲ. ಆದರೂ ಕುದ್ರೋಳಿಗೆ ಮುಟ್ಟುವಾಗ ನೀರು ಪಾತಿಯ ಬದಿಯಲ್ಲಿ ಎಂದಿಗಿಂತ ಬೆರಳಷ್ಟು ಮೇಲೆ ಇರುತ್ತಿತ್ತು. ನಾನೂ ನೋಡಿದ್ದೇನೆ. ಮರ ನೀರು ಕುಡಿದಿರಬೇಕು ಅಂತ ಮಾವ ಅನ್ನುತ್ತಿದ್ದರು. ಇವರು ಇಳಿದು ಪಾತಿಯನ್ನು ಕಟ್ಟಿದ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಮೇಲೆ ಬರುತ್ತಿತ್ತು.

ಇಂಥವರನ್ನು ನೀನು ಹೇಗೆ ಮೆಚ್ಚಿದೆ ಅಂತ ನನ್ನ ಮಗಳೇ ಕೇಳಿದ್ದುಂಟು. ಹೇಗೆ ಅಂತ ಹೇಳುವುದು? ಬೇರೆ ಗಂಡಸರು ಮಾತಾಡಿದರೆ ನಮಗೆ ತಲೆನೋವು. ಇವರು ಮಾವನಿಗೆ ವರದಿ ಒಪ್ಪಿಸಲು ಬಂದವರು ಹಿತ್ತಿಲಲ್ಲಿ ಕೂತು, ಕೊರಕಲಿನಲ್ಲಿ ಈ ಸಲ ಯಾವ ಹೂ ಬಿಟ್ಟಿತ್ತು, ಮಂಗಟ್ಟೆ ಹಕ್ಕಿ ಎಲ್ಲಿ ಗೂಡು ಮಾಡಿತ್ತು ಅಂತ ನನಗೂ ಕೇಳುವ ಹಾಗೆ ಹೇಳುತ್ತಿದ್ದರು. ನೊರೆನೀರಿನಲ್ಲಿ ಹೆದರಿಕೆ ಆಗುವುದಿಲ್ಲವಾ ಅಂತ ನಾನು ಕೇಳಿದ್ದೆ. "ಆಗ್ತದೆ. ಎಲ್ಲಿ ಹೆದರಿಕೆಯೋ ಆ ಕಡೆಗೇ ವಾಲಬೇಕು. ಬಂಡೆ ಬಂತು ಅಂತ ಈಚೆ ವಾಲಿದ್ರೆ ನೀರು ಪಾತಿಯನ್ನು ಮಗುಚ್ತದೆ" ಅಂದರು. ಅಂದೇ ನಾನು ಒಳಗೊಳಗೆ ಒಪ್ಪಿಕೊಂಡೆ. ಇದನ್ನು ಹೇಳಲಿಕ್ಕೆ ಇಷ್ಟು ವರ್ಷ ಬೇಕಾಯಿತು.

ಮಾವನಿಗೆ ಒಪ್ಪಿಗೆ ಇತ್ತು. ಇವರಿಲ್ಲದೆ ಅವರ ವ್ಯಾಪಾರ ಇಲ್ಲ. ತಡೆದದ್ದು ನನ್ನ ಅಮ್ಮ. "ಸವತಿ ಇರುವ ಮನೆಗೆ ಕೊಡುವುದಿಲ್ಲ" ಅಂದರು. "ಬದುಕಿದ ಸವತಿಯಾದ್ರೆ ಜುಟ್ಟು ಹಿಡಿದು ಜಗಳ ಆಡಬಹುದು. ಸತ್ತವಳ ಹತ್ತಿರ ಎಂತ ಮಾಡ್ತಿ? ನಿನ್ನ ಮೊದಲ ಮಗುವನ್ನೇ ಕೇಳಿದ್ರೆ?" ಅಮ್ಮ ಹೇಳುವುದೂ ನ್ಯಾಯವೇ. ಕೊನೆಗೆ ಮಾವ ಒಂದು ದಾರಿ ಹುಡುಕಿದರು. ಮದುವೆ ಮಾಡಿದವರೇ ಬಿಡಿಸಬೇಕು. ಸತ್ತ ಹುಡುಗಿಯ ಮನೆಯವರು ಸಂಬಂಧ ಬಿಟ್ಟುಕೊಟ್ಟರೆ ಆಯಿತು. ಜನ ಕಳಿಸಿ ಕೇಳಿಸಿದರು. ಹುಡುಗಿಯ ಅಮ್ಮ ಹೇಳಿ ಕಳಿಸಿದ್ದು ಒಂದೇ ಮಾತು, ನನ್ನ ಮಗಳ ಜಾಗಕ್ಕೆ ಬರುವವಳನ್ನು ಕರ್ಕೊಂಡು ಬನ್ನಿ, ನೋಡಿ ಹೇಳ್ತೇನೆ ಅಂತ.

ಮಳೆ ಇಳಿದ ಮೇಲೆ ಹೋದೆವು, ಮಾವ ಮತ್ತು ನಾನು. ಮೂಡುಬಿದಿರೆವರೆಗೆ ಮೋಟಾರು, ಆಮೇಲೆ ಎತ್ತಿನ ಗಾಡಿ, ಆಮೇಲೆ ಕಾಲ್ನಡಿಗೆ. ಅವರು ಪಾತಿಯ ಜೊತೆ ಮೊದಲೇ ಮೇಲೆ ಹೋಗಿ ಕಾಯುತ್ತಿದ್ದರು. ದಾರಿಯುದ್ದಕ್ಕೂ ನಾನು ಎಣಿಸುತ್ತಿದ್ದದ್ದು ಆ ಹುಡುಗಿಯ ಬಗ್ಗೆಯೇ. ನನ್ನದೇ ಪ್ರಾಯದವಳು, ನನಗಿಂತ ಬಿಳಿ, ಮೊಣಕಾಲಿಗೆ ಮುಟ್ಟುವ ಜಡೆ, ಹೀಗೆಲ್ಲ ಕಲ್ಪಿಸಿಕೊಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ.

ಹುಲ್ಲಿನ ಮಾಡಿನ ಸಣ್ಣ ಮನೆ. ಹುಡುಗಿಯ ಅಮ್ಮ ನನ್ನನ್ನು ಹತ್ತಿರ ಕೂರಿಸಿ, ಕೈ ಹಿಡಿದು ಬಳೆ ತಿರುಗಿಸಿ ನೋಡಿದರು. "ನನ್ನ ಮಗಳೂ ಈಗ ಇಷ್ಟೇ ಎತ್ತರ" ಅಂದರು. ಆಮೇಲೆ ಅಂಗಳದಲ್ಲಿ ನಿಂತಿದ್ದ ಅವರಿಗೆ ಹೇಳಿದರು. "ನಿಮ್ಮ ಮೇಲೆ ನನಗೆ ಕೋಪ ಇಲ್ಲ ಮಗಾ. ನಾನು ಅವಳನ್ನು ಕೊಟ್ಟದ್ದು ಹೊಳೆಗೆ ಹೋದ ಹುಡುಗನಿಗೆ. ನೀವು ತಿರುಗಿ ಬಂದ್ರಿ. ಬದುಕಿದ್ದು ತಪ್ಪು ಅಂತ ಯಾರು ಹೇಳ್ತಾರೆ?"

ಅವರು ತಲೆ ಎತ್ತಿ, ಅಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿದರು. "ಆ ಹುಡುಗಿ, ಅದಕ್ಕೆ ಎಂತ ಆದದ್ದು?"

"ಹೊಳೆಗೇ ಹೋದದ್ದು. ಕೊರಕಲಿನ ಒಳಗೆ, ಮಡುವಿನ ಹತ್ತಿರ ಒಂದು ಚಪ್ಪಟೆ ಬಂಡೆ ಉಂಟಲ್ಲ? ಬೇಸಗೆಯಲ್ಲಿ ನೀರು ಕಮ್ಮಿ ಇರುವಾಗ ಬಟ್ಟೆ ಒಗೆಯಲಿಕ್ಕೆ ನಾನೇ ಕರ್ಕೊಂಡು ಹೋದದ್ದು. ಹಿಂಡಿದ ಬಟ್ಟೆ ಹರಡಿ ತಿರುಗಿ ನೋಡುವಾಗ ಇಲ್ಲ."

"ಎಷ್ಟು ಪ್ರಾಯ?"

"ಮುಂದಿನ ಹಲ್ಲು ಬಿದ್ದಿತ್ತು. ಹೊಸತು ಬಂದಿರಲಿಲ್ಲ" ಅಂದರು ಆಕೆ.

ಅವರು, "ಆ ಬಂಡೆಗೆ ಒತ್ತಿಯೇ ನಾನು ಪಾತಿ ನಿಲ್ಲಿಸುವುದು, ಪ್ರತಿ ಸಲ. ಹಿಂದಿನ ತೆಪ್ಪ ಬರಲಿ ಅಂತ ಕಾಯ್ತೇನೆ" ಅಂದರು. ಆಕೆ ಎದ್ದು ಒಳಗಿನಿಂದ ಮಡಿಸಿದ ಕೆಂಪು ಸೀರೆ ತಂದರು. ಕುಲೆ ಮದುವೆಗೆ ಇವರ ಮನೆಯಿಂದ ಹೋದ ಸೀರೆ ಅದು. ಇವರ ಕೈಗೆ ಕೊಟ್ಟು, "ಇನ್ನು ನೀವು ಬೇರೆ, ಅವಳು ಬೇರೆ. ಈ ಹುಡುಗಿಯನ್ನು ಚೆನ್ನಾಗಿ ನೋಡಿಕೊಳ್ಳಿ" ಅಂದರು. ಕಣ್ಣೊರಸಿಕೊಳ್ಳುವ ಆ ಹೆಂಗಸಿನ ಎದುರು ಕೂತು ನನಗೆ ಹಾಡಬೇಕು ಅನ್ನಿಸಿತು. ಸಣ್ಣತನ ಅನ್ನಿ ಬೇಕಾದರೆ, ನನಗೆ ಅಷ್ಟು ಸಂತೋಷವಾಗಿತ್ತು.

ಬಂದ ದಾರಿಯಲ್ಲೇ ಹಿಂದೆ ಹೋಗುವುದು ಅಂತ ಇದ್ದದ್ದು. ಪಾತಿಯಲ್ಲೇ ಹೋಗುವ ಅಂತ ಹಟ ಮಾಡಿದವಳು ನಾನು. ಗಂಡನಾಗುವವರು ಇಷ್ಟು ವರ್ಷ ಹೇಳಿದ ಕೊರಕಲನ್ನು ನಾನೂ ನೋಡಬೇಡವಾ? "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ" ಅಂತ ಮಾವ ನಕ್ಕರು. ಅವರೊಬ್ಬರೇ ಬೇಡ ಅಂದದ್ದು, ಮೆಲ್ಲಗೆ, ಒಂದೇ ಸಲ. ಕೊನೆಗೆ ನನ್ನನ್ನು ಮುಂತುದಿಯಲ್ಲಿ, ಮಾವನನ್ನು ನನ್ನ ಹಿಂದೆ ಕೂರಿಸಿದರು. ನಡುವಿನಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಹಿಂದೆ ಅವರು. ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ನಡುಹಗಲು. ಎರಡೂ ಬದಿಯ ಗೋಡೆಗಳು ಎದ್ದು ಎದ್ದು ಕೊನೆಗೆ ಆಕಾಶ ಒಂದು ಸೀರೆಯ ಅಂಚಿನಷ್ಟು ಉಳಿಯಿತು. ಬಂಡೆಯ ಬಿರುಕಿನಲ್ಲೆಲ್ಲ ಜರಿಗಿಡ, ಮೇಲಿನಿಂದ ಎಳೆ ಎಳೆಯಾಗಿ ಇಳಿಯುವ ನೀರು, ಅದರ ಮೇಲೆ ಬಿಸಿಲು ಬಿದ್ದಲ್ಲಿ ಬಣ್ಣ. ಅಷ್ಟು ಚಂದದ ಜಾಗ ನಾನು ಮತ್ತೆ ಕಾಣಲಿಲ್ಲ. ನೀರಿನ ಶಬ್ದ ಮೊದಲು ಬಂತು, ಆಮೇಲೆ ನೊರೆ. ನೊರೆಯ ನಡುವೆ ನುಣ್ಣಗಿನ ಹಸುರು ನೀರಿನ ಒಂದು ಪಟ್ಟಿ ನಾಲಗೆಯ ಹಾಗೆ ಕೆಳಗೆ ಇಳಿಯುತ್ತಿತ್ತು. ಅವರು ಹುಟ್ಟನ್ನು ಒತ್ತಿ ಪಾತಿಯನ್ನು ಸರಿಯಾಗಿ ಅದರ ಮೇಲೆ ತಂದರು. ಮುಖಕ್ಕೆ ನೀರು ರಾಚಿತು, ಪಾತಿ ಏರಿ ಬಿದ್ದು ಏರಿ ಬಿದ್ದು ದಾಟಿಯೇ ಹೋಯಿತು. ನಾನು ನಗುತ್ತಿದ್ದೆ. ಮಾವ ದೇವರ ಹೆಸರು ಹೇಳುತ್ತಿದ್ದರು.

ಆಮೇಲೆ ಮಡು. ಒಂದು ತಿರುವು ದಾಟಿದ್ದೇ ತಡ, ಅಷ್ಟು ದೊಡ್ಡ ಶಬ್ದ ಹಿಂದೆಯೇ ನಿಂತುಹೋಯಿತು. ನೀರು ಕದಲುವುದಿಲ್ಲ, ಒಂದು ಹಕ್ಕಿ ಇಲ್ಲ. ನನ್ನ ಉಸಿರು ನನಗೇ ಕೇಳುತ್ತಿತ್ತು. ಬಲಬದಿಗೆ ಚಪ್ಪಟೆ ಬಂಡೆ. ಅವರು ಪಾತಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿದರು. ಅಂದು ಹಿಂದೆ ತೆಪ್ಪ ಇರಲಿಲ್ಲ, ಕಾಯಲಿಕ್ಕೆ ಯಾರೂ ಇರಲಿಲ್ಲ. ಮಾವ ಎಂತಕ್ಕೆ ನಿಂತದ್ದು ಅಂತ ಕೇಳುವಷ್ಟರಲ್ಲಿ ಪಾತಿ ಬಲಕ್ಕೆ ಒಮ್ಮೆ ವಾಲಿ, ನೇರವಾಯಿತು. ದಡದಿಂದ ಒಬ್ಬರು ಹತ್ತಿದರೆ ಆಗುತ್ತದಲ್ಲ, ಹಾಗೆ. ಅಂಚಿನ ಹತ್ತಿರ ನೀರು ಬೆರಳಷ್ಟು ಮೇಲೆ ಬಂತು. "ಕೂತ್ಕೋ" ಅಂತ ಅವರು ಮೆಲ್ಲಗೆ ಹೇಳಿದರು. ನಾನು ಕೂತೇ ಇದ್ದೆ. ಮಾವನೂ ಕೂತೇ ಇದ್ದರು. ನಾನು ಹಿಂದೆ ತಿರುಗಿ ನೋಡಲಿಲ್ಲ, ಕುತ್ತಿಗೆ ತಿರುಗುತ್ತಿರಲಿಲ್ಲ.

ಎರಡನೆಯ ನೊರೆ ಮೊದಲಿನದ್ದಕ್ಕಿಂತ ಉದ್ದ. ಅದರ ಕೊನೆಯಲ್ಲಿ ಹೊಳೆ ಎಡಕ್ಕೆ ತಿರುಗುತ್ತದೆ, ತಿರುವಿನಲ್ಲಿ ಮನೆಯಷ್ಟು ದೊಡ್ಡ ಬಂಡೆ. ನೀರು ನಮ್ಮನ್ನು ನೇರ ಅದರ ಕಡೆಗೇ ಒಯ್ದಿತು. "ಬಂಡೆಗೇ ವಾಲಿ" ಅಂತ ಅವರು ಕೂಗಿದರು. ನಾನು ವಾಲಿದೆ. ಪಾಪ ಮಾವ, ಜೀವಭಯ, ಬಂಡೆಯಿಂದ ದೂರಕ್ಕೆ ವಾಲಿದರು. ಪಾತಿ ಮಗುಚಿತು.

ಸಣ್ಣವಳಿರುವಾಗ ಮಾವನೇ ನನ್ನನ್ನು ಹೊಳೆಗೆ ಎಸೆದು ಈಜು ಕಲಿಸಿದ್ದರು. ಕೈಕಾಲು ಬಡಿದು ಮೇಲೆ ಬಂದೆ. ಕಾಲಿಗೆ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ನಾನು ಮಗುಚಿದ ಪಾತಿಯ ಎಡಕ್ಕೆ ಇದ್ದೆ. ಅವರು ಒಂದು ಕೈಯಲ್ಲಿ ಪಾತಿಯನ್ನು ಹಿಡಿದು, ಇನ್ನೊಂದರಲ್ಲಿ ಹುಟ್ಟನ್ನು ಚಾಚಿದ್ದರು. ಬಲಕ್ಕೆ. ನನಗೆ ಬೆನ್ನು ಹಾಕಿ. "ಹಿಡ್ಕೋ, ಬಿಡಬೇಡ, ಹಿಡ್ಕೋ" ಅಂತ ಕೂಗುತ್ತಿದ್ದರು. ನಾನೂ ಅವರನ್ನು ಕರೆದೆ. ಅವರು ತಿರುಗಲಿಲ್ಲ. ಆ ಬದಿಯಲ್ಲಿ ನೊರೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ಹುಟ್ಟಿನ ತುದಿ ನೀರೊಳಗೆ ಜಗ್ಗಿತು. ಅವರು ಅದನ್ನು ಜಾಗ್ರತೆಯಿಂದ ತನ್ನ ಕಡೆಗೆ ಎಳೆದುಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ನಾನು ಈಜಿ ದಡ ಸೇರಿದೆ. ಮಾವ ಕೆಳಗೆ ಒಂದು ಬೇರು ಹಿಡಿದು ಬದುಕಿಕೊಂಡರು.

ಮರಳಿನ ಮೇಲೆ ನಡುಗುತ್ತಾ ಕೂತಾಗ ಮಾವ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಸೀರೆ ಹಿಡಿಯಲಿಕ್ಕೆ ಹೋದದ್ದು ಮಾರಾಯ್ತಿ, ಸೀರೆ ಆ ಬದಿಗೆ ಬಿದ್ದಿತ್ತು" ಅಂತ ಸಮಾಧಾನ ಹೇಳಿದರು. ನಾನು ಕಾಲಿಗೆ ಸುತ್ತಿಕೊಂಡದ್ದನ್ನು ಬಿಡಿಸಿ ಮಾವನ ಮುಂದೆ ಹಾಕಿದೆ. ಆ ಕೆಂಪು ಸೀರೆಯೇ. "ಈ ಮದುವೆ ಬೇಡ" ಅಂತ ನಾನೇ ಹೇಳಿದೆ, ಅವರಿಗೆ ಕೇಳುವ ಹಾಗೆ. ಅವರು ಪಾತಿಯಿಂದ ನೀರು ಚೆಲ್ಲುತ್ತಿದ್ದವರು, "ಸರಿ" ಅಂದರು. ಅಷ್ಟೇ. ಒಂದು ಮಾತು ವಾದ ಮಾಡಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ.

ಹೆದರಿ ಬಿಟ್ಟೆ ಅಂತ ಎಲ್ಲರೂ ತಿಳಿದದ್ದು. ಹೆದರಿಕೆ ಅಲ್ಲ, ಉರಿ. ಸತ್ತ ಹುಡುಗಿಯ ಅಮ್ಮ ಬಿಟ್ಟುಕೊಟ್ಟಾಗಿತ್ತು, ಊರು ಒಪ್ಪಿತ್ತು. ಬದುಕಿದ್ದ ನಾನು ಮುಳುಗುತ್ತಿದ್ದೆ. ಅಂಥ ಹೊತ್ತಿನಲ್ಲಿಯೂ ಅವರ ಕೈ ಹೋದದ್ದು ಹೆಂಡತಿಯ ಕಡೆಗೆ. ಸವತಿ ಗೆದ್ದಳು ಅಂತ ನಾನು ಎಷ್ಟೋ ವರ್ಷ ಒಳಗೊಳಗೇ ಬೆಂದಿದ್ದೇನೆ.

ಅತ್ತಾವರದಲ್ಲಿ ಆಸ್ಪತ್ರೆಯ ಕಂಪೌಂಡರೊಬ್ಬರಿಗೆ ನನ್ನನ್ನು ಕೊಟ್ಟರು. ಒಳ್ಳೆಯ ಮನುಷ್ಯ, ನನ್ನ ಕೋಪವನ್ನೆಲ್ಲ ತಡೆದುಕೊಂಡವರು. ಪಾತಿಯ ಅವರು ಮಾತ್ರ ಮದುವೆಯಾಗಲಿಲ್ಲ. ವರ್ಷಕ್ಕೊಮ್ಮೆ ತೆಪ್ಪ ಇಳಿಸಿ ಬಂದ ಮೇಲೆ ನಮ್ಮಲ್ಲಿಗೆ ಒಂದು ಸೀಸೆ ಘಟ್ಟದ ಜೇನು ತರುತ್ತಿದ್ದರು. ಜಗಲಿಯಲ್ಲಿ ಕೂತು ನಮ್ಮ ಯಜಮಾನರ ಹತ್ತಿರ ಮಳೆ, ಮೀನು ಅಂತ ಮಾತಾಡಿ ಹೋಗುತ್ತಿದ್ದರು. ಹುಟ್ಟು ಹಿಡಿದ ಕೈ ಗಂಟು ಕಟ್ಟಿತ್ತು, ಕೂದಲು ಬೆಳ್ಳಗಾಗಿತ್ತು, ಆದರೂ ಒದ್ದೆಯಾಗಿಯೇ ಕಾಣುತ್ತಿತ್ತು. ಲಾರಿಯಲ್ಲಿ ಮರ ಬರಲು ಶುರುವಾಗಿ ಮಾವನ ವ್ಯಾಪಾರ ನಿಂತ ಮೇಲೂ ಅವರು ಒಬ್ಬರೇ ಪಾತಿ ತೆಗೆದುಕೊಂಡು ಮೇಲೆ ಹೋಗಿ ಬರುತ್ತಿದ್ದರಂತೆ. ಎಂತಕ್ಕೆ ಅಂತ ಯಾರಾದರೂ ಕೇಳಿದರೆ, "ಒಮ್ಮೆ ಹೋಗಿ ಬರುವುದು" ಅನ್ನುತ್ತಿದ್ದರಂತೆ.

ಒಂದು ಮಧ್ಯಾಹ್ನ ಅವರು ಬಂದಾಗ ಯಜಮಾನರು ಆಸ್ಪತ್ರೆಗೆ ಹೋಗಿದ್ದರು. ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು. ನಾನು ಕೇಳಿಯೇ ಬಿಟ್ಟೆ. "ಅಂದು ನಾನು ಈಚೆ ಇದ್ದೆ. ನೀವು ಹುಟ್ಟು ಚಾಚಿದ್ದು ಆಚೆ. ನನಗಿಂತ ನಿಮಗೆ ಆ ಹೆಂಡತಿಯೇ ಹೆಚ್ಚಾಯ್ತಾ?"

ಅವರು ನನ್ನ ಮುಖ ನೋಡಿದರು. ನಾನು ಎಂತ ಕೇಳುತ್ತಿದ್ದೇನೆ ಅಂತ ಅವರಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಹೆಂಡತಿ ಎಂತದ್ದು?" ಅಂದರು. "ಮಗು ಅದು. ನಿಮಗೆ ಈಜು ಬರ್ತದೆ. ಅದಕ್ಕೆ ಬರುವುದಿಲ್ಲ."